ಹೆಬ್ಬೆರಳಿನ ನಾಡಿ

“ಮಿಸ್, ಶೂ ಬಿಚ್ಚಿಟ್ಟು ಒಳಗೆ ಬನ್ನಿ. ಇದು ಆಟಕ್ಕೆ ಮಾಡಿದ ನೆಲ.”

ಹೈಸ್ಕೂಲಿನ ಆಟದ ಹಾಲಿನ ಬಾಗಿಲಲ್ಲಿ ಪಿ.ಟಿ. ಮೇಷ್ಟ್ರು ಅಡ್ಡ ನಿಂತಿದ್ದರು. ಆರೋಗ್ಯ ಪಾಠದ ಟೀಚರ್ ಆಗಿ ಅವಳು ಅಂದೇ ಕೆಲಸಕ್ಕೆ ಸೇರಿದ್ದಳು. ಆ ದಿನ ಬೇರೆ ಕೋಣೆ ಖಾಲಿಯಿಲ್ಲವೆಂದು ಹೆಡ್‌ಮಿಸ್ ಪಾಠಕ್ಕೆ ಅವಳನ್ನು ಅಲ್ಲಿಗೆ ಅಟ್ಟಿದ್ದರು.

ಎದೆಗವಚಿಕೊಂಡಿದ್ದ ಚಾರ್ಟುಗಳನ್ನು ಕೆಳಗಿಟ್ಟು ಶೂ ಬಿಚ್ಚಿದಳು. ಕಾಲುಚೀಲದ ತೂತಿನಿಂದ ಕಿರುಬೆರಳು ಇಣುಕಿತು. ಮಕ್ಕಳು ಕಿಸಕ್ಕೆಂದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ...

ಮೇಷ್ಟ್ರು ನೋಡಿದರು, ನಗಲಿಲ್ಲ. ಜೋರಾಗಿ ಸೀಟಿ ಊದಿ, “ಎಲ್ಲರೂ ಗೋಡೆ ಕಡೆ ತಿರುಗಿ” ಎಂದರು.

ಆ ಒಂದು ಸೀಟಿಗೇ ಅವಳ ಮನಸ್ಸು ಜಾರಿತು. ಆದರೆ ಅದನ್ನು ಯಾರ ಮುಂದೆ ಹೇಳುವುದು? ಅಮ್ಮ ಹೋದ ಮೇಲೆ ಅವಳ ಬಾಡಿಗೆ ಕೋಣೆಯಲ್ಲಿ ಸದ್ದು ಮಾಡುತ್ತಿದ್ದದ್ದು ಕುಕ್ಕರ್ ಮಾತ್ರ. ಅಕ್ಕ ಫೋನ್ ಮಾಡಿದರೆ “ಆರಾಮಾಗಿದ್ದೀನಿ ಕಣೇ” ಎಂದು ಮುಗಿಸುತ್ತಿದ್ದಳು. ಒಂಟಿತನ ಆರೋಗ್ಯಕ್ಕೆ ಕೆಟ್ಟದ್ದು, ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಎಂದು ಹಗಲು ಮಕ್ಕಳಿಗೆ ಪಾಠ ಮಾಡಿ, ಸಂಜೆ ಗೋಡೆ ನೋಡಿಕೊಂಡು ಊಟ ಮಾಡುವ ಟೀಚರಮ್ಮ!

ವರ್ಷದ ಕೊನೆಗೆ ಹೆಡ್‌ಮಿಸ್ ಇಬ್ಬರನ್ನೂ ಕರೆಸಿದರು.

“ಬರೋ ವರ್ಷದಿಂದ ಆರೋಗ್ಯ, ಪಿ.ಟಿ. ಎರಡೂ ಸೇರಿ ಒಂದೇ ಕೋರ್ಸು. ಟೀಚರ್ ಒಬ್ಬರೇ ಸಾಕು ಅಂದಿದ್ದಾರೆ ಮೇಲಿನವರು.”

ಮರುದಿನದಿಂದಲೇ ಮೇಷ್ಟ್ರು ಅವಳ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರತೊಡಗಿದರು.

‘ನನ್ನ ಪಾಠಾನೇ ಕಲಿತು ನನ್ನ ಅನ್ನಕ್ಕೆ ಕಲ್ಲು ಹಾಕ್ತಾರಾ? ಈ ಕೆಲಸಾನೂ ಹೋದ್ರೆ ನನಗೆ ಅಂತ ಏನಿದೆ...’

ಅಂದಿನಿಂದ ಅವರ ನಮಸ್ಕಾರಕ್ಕೂ ಮುಖ ತಿರುಗಿಸಿದಳು.

ನಾಡಿ ನೋಡುವ ಪಾಠ ಬಂತು. ಹೇಗೆ ನೋಡಬೇಕೆಂದು ವಿವರಿಸಿ ಮಕ್ಕಳನ್ನು ಜೋಡಿ ಜೋಡಿಯಾಗಿ ಕೂರಿಸಿದಳು.

“ಮಿಸ್, ಸರ್‌ಗೆ ಜೋಡಿ ಇಲ್ಲ” ಎಂದಳು ಒಬ್ಬ ತರಲೆ ಹುಡುಗಿ.

ಬೇರೆ ದಾರಿಯಿಲ್ಲದೆ, ಮುಖ ಗಂಟು ಹಾಕಿಕೊಂಡೇ ಕೈ ಚಾಚಿದಳು. ಮೇಷ್ಟ್ರು ಹಗುರವಾಗಿ ಮಣಿಕಟ್ಟು ಹಿಡಿದರು. ಅಮ್ಮನ ನಂತರ ಯಾರೂ ಅವಳ ಕೈಯನ್ನು ಅಷ್ಟು ಮೆತ್ತಗೆ ಹಿಡಿದಿರಲಿಲ್ಲ. ಕೋಪದ ನಡುವೆಯೂ ಅಳು ಬಂದಂತಾಯಿತು.

“ತುಂಬಾ ಜೋರಾಗಿ ಹೊಡ್ಕೊತಿದೆ ಮಿಸ್... ಹುಷಾರಿಲ್ವಾ?”

ಅವಳು ಅವರ ಕೈಯತ್ತ ನೋಡಿದಳು.

“ಹೆಬ್ಬೆರಳು ಇಡಬಾರದು ಅಂತ ಈಗ ತಾನೇ ಹೇಳಿದ್ನಲ್ಲ ಸರ್. ಅದರೊಳಗೇ ಒಂದು ನಾಡಿ ಇರುತ್ತೆ. ಹೊಡ್ಕೊತಿರೋದು ನನ್ನದಲ್ಲ, ನಿಮ್ಮದು.”

ತರಗತಿ ಹೋ ಎಂದು ನಕ್ಕಿತು. ಮೈದಾನದಲ್ಲಿ ಗುಡುಗುವ ಮನುಷ್ಯನ ಕಿವಿ ಕೆಂಪಾಯಿತು. ಅವರು ಕೈ ಬಿಟ್ಟು ತಲೆ ತಗ್ಗಿಸಿದರು.

ಬೆಲ್ ಹೊಡೆಯಿತು. ಮಕ್ಕಳೆಲ್ಲ ಓಡಿದ ಮೇಲೆ ಅವಳು ತಡೆಯಲಾರದೆ ಕೇಳಿಯೇಬಿಟ್ಟಳು.

“ಇಷ್ಟು ದಿನ ಇಲ್ಲಿ ಕೂತಿದ್ದು ನನ್ನ ಜಾಗಕ್ಕೆ ಬರೋಕೆ ತಾನೇ?”

“ಜಾಗಕ್ಕಾ? ಕೆಲಸ ನಿಮಗೇ ಕೊಡಿ ಅಂತ ಹೆಡ್‌ಮಿಸ್‌ಗೆ ಅವತ್ತೇ ಹೇಳಿದ್ದೀನಿ. ನಾನು ಬೇರೆ ಊರಿನ ಸ್ಕೂಲಿಗೆ ಹೋಗ್ತಿದ್ದೀನಿ.”

“ಮತ್ತೆ... ಪಾಠಕ್ಕೆ ಯಾಕೆ ಬಂದ್ರಿ?”

“ಹೋಗೋ ಮುಂಚೆ ನಿಮ್ಮ ದನಿ ಆದಷ್ಟು ಕೇಳ್ಕೊಂಡು ಹೋಗೋಣ ಅಂತ. ರೂಮಿಗೆ ಹೋದ್ರೆ ಮಾತಾಡಿಸೋರು ಯಾರಿದ್ದಾರೆ ನನಗೆ?”

ಅವಳ ಕೆಲಸ ಉಳಿದಿತ್ತು. ಆದರೂ ಸಂತೋಷವಾಗಲಿಲ್ಲ. ನಾಳೆ ಈ ಬೆಂಚು ಖಾಲಿಯಿದ್ದರೆ ತಾನು ಯಾರಿಗಾಗಿ ಬಾಗಿಲ ಕಡೆ ನೋಡಬೇಕು?

“ಇಬ್ಬರೂ ಹೋಗಿ ಹೆಡ್‌ಮಿಸ್‌ನ ಕೇಳೋಣ. ಪಾಠ ನನಗಿರಲಿ, ಆಟ ನಿಮಗಿರಲಿ. ಸಂಬಳಾನೂ ಹಂಚ್ಕೊಳ್ಳೋಣ.”

“ಅವರು ಒಪ್ಪದಿದ್ರೆ?”

“ನಿಮ್ಮ ಜೊತೆ ನಾನೂ ಬರ್ತೀನಿ.”

ಮೇಷ್ಟ್ರು ಅವಳನ್ನೇ ನೋಡಿದರು. “ಈ ಕೆಲಸ ಅಂದ್ರೆ ನಿಮಗೆ ಪ್ರಾಣ ಅಲ್ವಾ ಮಿಸ್?”

“ಹೌದು. ಆದ್ರೆ ಒಬ್ಬಳೇ ಇದ್ದೂ ಇದ್ದೂ ಸಾಕಾಗಿದೆ... ಇದನ್ನ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.”

ಅವಳ ಕಣ್ಣು ತುಂಬಿ ಬಂತು. ಮೇಷ್ಟ್ರು ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದರು.

“ನನಗೆ ಹೇಳಿ. ನಿಧಾನವಾಗಿ, ಎಲ್ಲಾನೂ ಹೇಳಿ. ನಾನೆಲ್ಲೂ ಹೋಗಲ್ಲ.”