ಪಟ್ಟೆ ಅಂಗಿ ಇಲ್ಲದ ಶನಿವಾರ

ರಾಯ್ಸ್ ಟಿಮನ್ಸ್ ಮೊದಲ ಸಲ ಹೊಗೆಯಲ್ಲಿ ಬೇಯಿಸಿದ ಮಾಂಸ ಮಾರುವ ನಮ್ಮ ಅಂಗಡಿಗೆ ಬಂದ ದಿನ, ಸಾಲಿನಲ್ಲಿದ್ದ ಒಬ್ಬರೂ ಅವರ ಜೊತೆ ಮಾತಾಡಲಿಲ್ಲ. ಹಿಂದೆ ಮುಂದೆ ನಿಂತವರು ಎರಡೆರಡು ಹೆಜ್ಜೆ ಜಾಗ ಬಿಟ್ಟು ನಿಂತಿದ್ದರು.

ಹಿಂದಿನ ಸಂಜೆಯಷ್ಟೇ ಆ ಮನುಷ್ಯ ತಪ್ಪಾಟ ಆಯಿತು ಅಂತ ಹಳದಿ ಬಟ್ಟೆ ಎಸೆದು, ನಮ್ಮ ಹೈಸ್ಕೂಲ್ ಹುಡುಗರು ಚೆಂಡು ಹೊತ್ತು ಗೆರೆ ದಾಟಿ ಗಳಿಸಿದ ಕೊನೆಯ ಟಚ್‌ಡೌನ್ ರದ್ದು ಮಾಡಿದ್ದರು. ನಮ್ಮೂರು ನೊವಾಕ್ ಸ್ಪ್ರಿಂಗ್ಸ್ ಸೋತಿತ್ತು. ಟೆಕ್ಸಸ್‌ನ ನಮ್ಮಂಥ ಊರಿನಲ್ಲಿ ಬ್ಯಾಂಕ್ ದೋಚಿದವನನ್ನು ಬೇಕಾದರೆ ಕ್ಷಮಿಸುತ್ತಾರೆ, ಫುಟ್‌ಬಾಲ್‌ನಲ್ಲಿ ಹಳದಿ ಬಟ್ಟೆ ಎಸೆದ ರೆಫರಿಯನ್ನು ಕ್ಷಮಿಸುವುದಿಲ್ಲ. ಅದರಲ್ಲೂ ಎದುರಾಳಿಯ ಅಂಗಿ ಹಿಡಿದೆಳೆದ ಅಂತ ಅವರು ಬೊಟ್ಟು ಮಾಡಿದ್ದು ನನ್ನ ಅಕ್ಕ ಡೆಲ್ಮಾಳ ಮಗ ಬ್ರಾಕ್‌ನನ್ನು. ಆ ಡೆಲ್ಮಾ ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಕೂತಿದ್ದಳು.

"ಕೊಡಬೇಡ ಕಣೇ ನೋರಿನ್," ಎಂದಳು ಅವಳು, ಎಲ್ಲರಿಗೂ ಕೇಳುವ ಹಾಗೆ.

ನಾನು ದನದ ಎದೆಮಾಂಸ ಕತ್ತರಿಸುವ ಕತ್ತಿಯನ್ನು ಏಪ್ರನ್‌ಗೆ ಒರೆಸಿಕೊಂಡು, "ಏನು ಬೇಕು?" ಎಂದೆ.

"ಬ್ರಿಸ್ಕೆಟ್ ಅರ್ಧ ಪೌಂಡ್, ಕೊಬ್ಬಿರೋ ಕಡೆಯಿಂದ. ಒಂದು ಸಾಸೇಜ್."

"ನನ್ನ ಮಗ ಆ ಹುಡುಗನ್ನ ಮುಟ್ಟೇ ಇಲ್ಲ!" ಡೆಲ್ಮಾ ಕೂತಲ್ಲಿಂದಲೇ ಕೂಗಿದಳು.

"ಮುಟ್ಟಿದ್ದಷ್ಟೇ ಆಗಿದ್ರೆ ಸುಮ್ನಿರ್ತಿದ್ದೆ ಮೇಡಂ. ಅಂಗಿ ಹರಿಯೋ ಹಾಗೆ ಎಳೆದ. ಭಾರಿ ಗಟ್ಟಿ ಕೈ ಅವನದು. ಏನು ತಿನ್ನಿಸ್ತೀರಿ ಅವನಿಗೆ?"

"ಇದನ್ನೇ," ಎಂದು ಪೊಟ್ಟಣವನ್ನು ಅವರ ಕಡೆ ನೂಕಿದೆ. ಅವರು ನಕ್ಕರು, ನನಗೂ ನಗು ಬಂತು. ಅಕ್ಕ ಮಾತ್ರ ಚಿಲ್ಲರೆಯನ್ನು ಮೇಜಿನ ಮೇಲೆ ಎಸೆದಳು.

ಅಲ್ಲಿಂದ ಒಂದು ವರ್ಷ ಅವರು ಶನಿವಾರ ತಪ್ಪಿಸಲಿಲ್ಲ. ದೂರದ ಊರಿನಲ್ಲಿ ಡ್ರೈವಿಂಗ್ ಕಲಿಸುವ ಕೆಲಸ. ಬೆಳಗ್ಗೆಯ ಪಾಠ ಮುಗಿಸಿ, ಅಷ್ಟು ದೂರ ಗಾಡಿ ಓಡಿಸಿಕೊಂಡು ಬಂದು ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದರು. ಸಾಲು ಮುಂದೆ ಹೋಗುವ ಹೊತ್ತಿಗೆ ಹಿಂದೆ ಯಾರಾದರೂ ಬಂದರೆ ಅವರನ್ನು ಮುಂದೆ ಬಿಡುತ್ತಿದ್ದರು. ನನ್ನ ಮುಂದೆ ಕೊನೆಯವರಾಗಿ ನಿಲ್ಲುವುದಕ್ಕೆ ಇದೆಲ್ಲ ಆಟ ಅಂತ ಅರ್ಥವಾಗಲು ನನಗೆ ಬೇಸಿಗೆ ಬರಬೇಕಾಯಿತು. ನಲವತ್ತು ದಾಟಿದ, ಒಂದು ಮದುವೆ ಮುರಿದುಕೊಂಡ ಹೆಂಗಸು ನಾನು. ಇಂಥದ್ದೆಲ್ಲ ನನಗೆ ತಡವಾಗಿ ಹೊಳೆಯುತ್ತದೆ.

ಒಂದು ಶನಿವಾರ ಅವರು ಒಂದು ತುಂಡು ಬಾಯಿಗಿಟ್ಟು, "ಇವತ್ತು ಸ್ವಲ್ಪ ಒಣಗಿದೆ," ಎಂದರು.

ನನ್ನ ಮುಖಕ್ಕೆ ಹಾಗೆ ಹೇಳಿದವರು ಯಾರೂ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಅವರು ಹೋದ ಮೇಲೆ ಒಂದು ಚೂರು ತಿಂದು ನೋಡಿದೆ. ನಿಜವಾಗಿಯೂ ಒಣಗಿತ್ತು. ಆವತ್ತು ಸಂಜೆ ಓಕ್ ಸೌದೆ ಒಟ್ಟುತ್ತಾ ನನಗೊಂದು ವಿಷಯ ಖಚಿತವಾಯಿತು. ಈ ಮನುಷ್ಯ ಎಂದಾದರೂ ನನಗೆ ಚೆನ್ನಾಗಿದ್ದೀರಿ ಅಂದರೆ ನಾನು ನಂಬಬಹುದು. ಅವರು ಹೇಳುವುದನ್ನೇ ಕಾಯತೊಡಗಿದೆ.

ಹೇಳಲಿಲ್ಲ. ನೋಡುತ್ತಿದ್ದರು ಅಷ್ಟೆ. ನಾನು ಕತ್ತರಿಸುವಾಗ ಅವರ ಕಣ್ಣು ಕತ್ತಿಯ ಮೇಲಿಂದ ನನ್ನ ಕೈಗೆ, ಕೈಯಿಂದ ಹೊಗೆಗೆ ಕೆಂಪಾದ ನನ್ನ ಮುಖಕ್ಕೆ ಬರುತ್ತಿತ್ತು. ನಾನು ತಲೆಯೆತ್ತಿದರೆ ಸೌತೆಕಾಯಿ ಉಪ್ಪಿನಕಾಯಿಯ ಡಬ್ಬಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು.

ಅವರನ್ನು ರೆಫರಿಯ ಪಟ್ಟೆಪಟ್ಟೆ ಅಂಗಿಯಲ್ಲಿ ಮೈದಾನದ ಮೇಲೆ ಒಂದು ಸಲವಾದರೂ ನೋಡಬೇಕು ಅಂತ ನನಗೆ ಆಸೆ. ಆದರೆ ಪಂದ್ಯಗಳೆಲ್ಲ ಶುಕ್ರವಾರ ಸಂಜೆ, ನಾನು ಶನಿವಾರದ ಮಾಂಸವನ್ನು ಬೆಂಕಿಗಿಡುವುದೂ ಶುಕ್ರವಾರ ಸಂಜೆಯೇ. ಬೆಂಕಿ ಬಿಟ್ಟು ಹೋಗುವ ಹಾಗಿಲ್ಲ.

ಅಕ್ಟೋಬರ್ ಕೊನೆಯ ಶನಿವಾರ ಅವರು ತಿಂದು ಮುಗಿಸಿದ ಮೇಲೂ ಟೋಪಿ ತಿರುಗಿಸುತ್ತಾ ನಿಂತಿದ್ದರು.

"ಈ ಸಲ ನಿಮ್ಮೂರು ಪ್ಲೇಆಫ್ ಸುತ್ತಿಗೆ ಹೋಗೋ ಹಾಗಿದೆ," ಎಂದರು.

"ಹೋದ್ರೆ ನೀವೇ ರೆಫರಿಯಾ?"

"ಗೊತ್ತಿಲ್ಲ."

"ಬಂದ್ರೆ ಹುಷಾರು ಮಾರಾಯ್ರೆ. ಈ ಸಲ ಬಟ್ಟೆ ಎಸೆದ್ರೆ ಕತ್ತಿ ನನ್ನ ಕೈಲಿರುತ್ತೆ!"

ತಮಾಷೆಗೆ ಹೇಳಿದ್ದು. ಅವರು ನಗಲಿಲ್ಲ. ಟೋಪಿ ಹಾಕಿಕೊಂಡು ಹೊರಟುಹೋದರು. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ.

ನಾನು ಏನು ಮಾತಾಡಿಬಿಟ್ಟೆ ಅಂತ ಕೊರಗುತ್ತಾ, ಗಿರಾಕಿಗಳ ಮೇಲೆ ರೇಗುತ್ತಾ ದಿನ ದೂಡಿದೆ. ಅಕ್ಕನಿಗೆ ಬೇರೆಯದೇ ಸುದ್ದಿ ಸಿಕ್ಕಿತ್ತು. "ಪ್ಲೇಆಫ್‌ನಲ್ಲಿ ತಮಗೆ ಬೇಡದ ರೆಫರಿಯನ್ನ ಕೋಚ್‌ಗಳು ತೆಗೆಸಬಹುದಂತೆ. ನಮ್ಮ ಕೋಚ್ ಹಾಲೂಬ್ ಅವನನ್ನ ಬಿಟ್ಟಾನಾ? ತೆಗೆಸಿಯೇ ಇರ್ತಾನೆ," ಎಂದು ಖುಷಿಯಲ್ಲಿ ಹೇಳಿದಳು. ಅವಮಾನ ಮಾಡಿ ಓಡಿಸಿದ್ದಾರೆ, ಅದಕ್ಕೇ ಈ ಊರಿನ ಕಡೆ ತಲೆ ಹಾಕುತ್ತಿಲ್ಲ ಅಂತ ನಾನೂ ಅಂದುಕೊಂಡೆ. ಹಾಗಂದುಕೊಂಡರೆ ತಪ್ಪು ಕೋಚ್‌ನದಾಗುತ್ತಿತ್ತು, ನನ್ನ ನಾಲಿಗೆಯದಲ್ಲ.

ನಮ್ಮ ಪಂದ್ಯ ಶನಿವಾರ ಮಧ್ಯಾಹ್ನ ಬಿತ್ತು, ಪಕ್ಕದ ಜಿಲ್ಲೆಯ ಕ್ರೀಡಾಂಗಣದಲ್ಲಿ. ಒಂದು ವೇಳೆ ಅವರು ಬಂದಿದ್ದರೆ ಅಂತ ನಾನು ಬೆಳಗ್ಗೆಯೇ ಅಂಗಡಿಯನ್ನೂ ಕತ್ತಿಯನ್ನೂ ಅಪ್ಪನ ಕೈಗೆ ಕೊಟ್ಟೆ.

"ಪಂದ್ಯಕ್ಕೆ ಬಾ ಅಂತ ಎಷ್ಟು ವರ್ಷ ಕರೆದ್ರೂ ಬೆಂಕಿ ಬಿಡೋಕಾಗಲ್ಲ ಅಂತಿದ್ದೆ. ಈಗ ಬೆಂಕಿಗೆ ಏನಾಯ್ತು?" ಎಂದರು ಅಪ್ಪ.

"ಬ್ರಾಕ್ ಆಡ್ತಾನಲ್ಲ, ನೋಡಿ ಬರ್ತೀನಿ."

"ಓಹೋ, ಬ್ರಾಕ್!" ಎಂದು ಅಪ್ಪ ಮೀಸೆಯೊಳಗೇ ನಕ್ಕರು.

ಕ್ರೀಡಾಂಗಣಕ್ಕೆ ನಮ್ಮೂರು ಪೂರ್ತಿ ಬಂದಿತ್ತು. ಬ್ಯಾಂಡಿನ ಹುಡುಗಿಯರು ಡೋಲು ಬಡಿಯುತ್ತಿದ್ದರು, ಹಸಿರು ಬಣ್ಣ ಬಳಿದುಕೊಂಡ ಗಂಡಸರು "ಹೋತಗಳಿಗೆ ಜೈ!" ಅಂತ ಕೂಗುತ್ತಿದ್ದರು. ಹೋತ ನಮ್ಮ ಶಾಲೆಯ ಗುರುತು. ಎದುರು ಕಡೆ ಕಾಲ್ಡರ್ ವೆಲ್ಸ್‌ನವರೂ ಅಷ್ಟೇ ಜೋರಾಗಿದ್ದರು. ಪಟ್ಟೆ ಅಂಗಿಯವರು ಸಾಲಾಗಿ ಮೈದಾನಕ್ಕೆ ಬಂದಾಗ ನಾನು ಎದ್ದು ನಿಂತೆ. ಒಬ್ಬೊಬ್ಬರನ್ನೇ ನೋಡಿದೆ. ಕುಳ್ಳಗಿದ್ದವರು, ಡೊಳ್ಳು ಹೊಟ್ಟೆಯವರು, ಕನ್ನಡಕದವರು, ಎಲ್ಲರೂ ಇದ್ದರು. ನನ್ನವರು ಇರಲಿಲ್ಲ.

ಕೋಪ ನೆತ್ತಿಗೇರಿತು. ಮೆಟ್ಟಿಲಿಳಿದು ಬೇಲಿಯ ಹತ್ತಿರ ಹೋಗಿ, ಹುಡುಗರಿಗೆ ಏನೋ ಹೇಳುತ್ತಿದ್ದ ಕೋಚ್ ಹಾಲೂಬ್‌ನನ್ನು ಕರೆದೆ.

"ಟಿಮನ್ಸ್‌ನ ತೆಗೆಸಿದ್ಯಲ್ಲ, ನಾಚಿಕೆ ಆಗಲ್ವಾ ನಿಂಗೆ? ಸೋಮವಾರ ನಿನ್ನ ಹುಡುಗರ ಊಟಕ್ಕೆ ಸಾಸೇಜ್ ಅಂತ ಬಾ, ನೋಡ್ಕೋತೀನಿ!"

"ಅಯ್ಯೋ ನೋರಿನ್, ನಾನ್ಯಾಕೆ ತೆಗೆಸಲಿ? ನಾನೇ ಅವನು ಬೇಕು ಅಂತ ಕೇಳಿದೆ. ಕಳೆದ ವರ್ಷದ ವಿಡಿಯೊ ನೂರು ಸಲ ನೋಡಿದ್ದೀನಿ, ಅವನು ಹೇಳಿದ್ದೇ ಸರಿ. ನೊವಾಕ್ ಪಂದ್ಯಕ್ಕೆ ಬರಲ್ಲ ಅಂದವನು ಅವನೇ."

"ಅವರೇನಾ?"

"ಅವನೇ. ಈ ಊರಿನ ಯಾವ ಪಂದ್ಯವೂ ಬೇಡ ಅಂದನಂತೆ. ಈಗ ನನ್ನ ಬಿಡ್ತೀಯಾ? ಆಟ ಶುರುವಾಗುತ್ತೆ."

ಮೇಲೆ ಹತ್ತಿ ಬಂದು ಕೂತೆ. ಯಾರೋ ಓಡಿಸಿದ್ದರೆ ಹುಡುಕಿಕೊಂಡು ಹೋಗಬಹುದಿತ್ತು, ಕ್ಷಮೆ ಕೇಳಬಹುದಿತ್ತು. ತಾವೇ ಬೇಡ ಅಂದವರ ಹಿಂದೆ ಯಾವ ಮುಖ ಹೊತ್ತು ಹೋಗಲಿ? ಒಂದು ವರ್ಷ ಕಾದ ಮಾತು ನನಗೆ ಇನ್ನು ಕೇಳಸಿಗುವುದಿಲ್ಲ ಅನಿಸಿತು. ಮೈದಾನದಲ್ಲಿ ನಮ್ಮ ಹುಡುಗನೊಬ್ಬ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದ, ಇಡೀ ಊರು ಕುಣಿಯಿತು. ನಾನು ಚಪ್ಪಾಳೆ ತಟ್ಟಿದೆ, ಯಾಕೆ ಅಂತ ಗೊತ್ತಿಲ್ಲದೆ.

"ಇಲ್ಲಿ ಯಾರಾದ್ರೂ ಕೂತಿದ್ದಾರಾ?"

ತಿರುಗಿದೆ. ರಾಯ್ಸ್. ಇಸ್ತ್ರಿ ಮಾಡಿದ ನೀಲಿ ಅಂಗಿ, ಕೈಯಲ್ಲಿ ನಮ್ಮ ಅಂಗಡಿಯ ಕಾಗದದ ಪೊಟ್ಟಣ. ಎಣ್ಣೆ ಇಳಿದು ಕಾಗದ ಕಪ್ಪಾಗಿತ್ತು.

"ಅಂಗಡಿಗೆ ಹೋಗಿದ್ದೆ," ಎಂದರು. "ನಿಮ್ಮಪ್ಪ ಹೇಳಿದ್ರು, ಪಟ್ಟೆ ಅಂಗಿ ನೋಡೋಕೆ ಹೋಗಿದ್ದಾಳೆ, ಇದನ್ನ ಬಿಸಿಯಾಗಿರುವಾಗಲೇ ತಲುಪಿಸು ಅಂತ."

ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆಚೆ ಬದಿಗೆ ಕೂತಿದ್ದ ಡೆಲ್ಮಾ ಮುಖ ತಿರುಗಿಸಿಕೊಂಡಳು. ರಾಯ್ಸ್ ಕೂತು ಪೊಟ್ಟಣ ಬಿಚ್ಚಿ ಇಬ್ಬರ ಮಂಡಿಗಳ ನಡುವೆ ಇಟ್ಟರು. ಬ್ರಿಸ್ಕೆಟ್, ಈರುಳ್ಳಿ, ಬಿಳಿ ಬ್ರೆಡ್.

"ನಿಮ್ಮಪ್ಪ ನಿಮಗಿಂತ ದಪ್ಪ ಕತ್ತರಿಸ್ತಾರೆ."

"ಮೂರು ವಾರ ಎಲ್ಲಿ ಸತ್ತಿದ್ರಿ?" ಎಂದೆ. ಹೀಗೆ ಕೇಳಬೇಕು ಅಂದುಕೊಂಡಿರಲಿಲ್ಲ.

"ಈ ಕಡೆ ಪಂದ್ಯ ಬೇಡ ಅಂದಿದ್ದಕ್ಕೆ ರಾಜ್ಯದ ಪಶ್ಚಿಮದ ಮೂಲೆಗೆ ಹಾಕಿದ್ರು. ಶುಕ್ರವಾರ ದೊಡ್ಡವರ ಪಂದ್ಯ, ಶನಿವಾರ ಚಿಕ್ಕವರದು. ಅಂಗಡಿಗೆ ಫೋನ್ ಮಾಡಿದೆ. ನಿಮ್ಮಕ್ಕ ಎತ್ತಿದ್ರು. ಇಟ್ಟುಬಿಟ್ಟೆ."

"ಹೆದರಿಕೊಂಡ್ರಾ?"

"ಹ್ಞೂಂ."

"ಮತ್ತೆ ನಮ್ಮೂರಿನ ಪಂದ್ಯ ಯಾಕೆ ಬೇಡ ಅಂದ್ರಿ? ನಾನು ಕತ್ತಿ ಅಂದಿದ್ದಕ್ಕಾ?"

ಅವರು ಬ್ರೆಡ್ಡಿನ ಅಂಚು ಮುರಿಯುತ್ತಾ ಕೂತರು. ಕಿವಿ ಕೆಂಪಾಗಿತ್ತು. "ರೆಫರಿಗಳಿಗೆ ಒಂದು ನಿಯಮ ಇದೆ. ಯಾವುದಾದ್ರೂ ಊರಲ್ಲಿ ತನ್ನವರು ಅನ್ನೋರು ಇದ್ರೆ ಆ ಊರಿನ ಪಂದ್ಯಕ್ಕೆ ರೆಫರಿ ಆಗೋ ಹಾಗಿಲ್ಲ. ಹೆಂಡತಿ, ಮಕ್ಕಳು, ಅಣ್ಣತಮ್ಮ, ಹೀಗೆ. ನಾನು ಹೋಗಿ ರೆಫರಿ ಸಂಘದ ಅಧ್ಯಕ್ಷರಿಗೆ ಹೇಳಿದೆ, ನೊವಾಕ್‌ನಲ್ಲಿ ನನ್ನವರು ಒಬ್ಬರಿದ್ದಾರೆ ಅಂತ. ಯಾರು, ಹೆಂಡತಿಯಾ ಅಂದ್ರು. ಇಲ್ಲ ಅಂದೆ. ನಿಶ್ಚಯ ಆಗಿದೆಯಾ ಅಂದ್ರು. ಇಲ್ಲ ಅಂದೆ. ಆ ಹೆಂಗಸಿಗೆ ಗೊತ್ತಾ ಅಂದ್ರು. ಇನ್ನೂ ಇಲ್ಲ ಸಾರ್, ಮೊದಲು ನಿಮಗೆ ಹೇಳೋದು ನಿಯಮ ಅಲ್ವಾ ಅಂದೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎದೆಯ ಮೇಲಿದ್ದ ಭಾರವೆಲ್ಲ ಒಟ್ಟಿಗೆ ಇಳಿದು ಕಣ್ಣಲ್ಲಿ ನೀರಾಯಿತು. ಈರುಳ್ಳಿ ಕೈಯಲ್ಲೇ ಇದ್ದದ್ದು ಪುಣ್ಯ.

"ಪ್ರಪಂಚದಲ್ಲಿ ಯಾರಾದ್ರೂ ಮೊದಲು ಸಂಘಕ್ಕೆ ಹೇಳಿ ಆಮೇಲೆ ಹೆಂಗಸಿಗೆ ಹೇಳ್ತಾರಾ ರಾಯ್ಸ್?"

"ಈಗ ಹೇಳ್ತಿದ್ದೀನಲ್ಲ. ನಿಮ್ಮನ್ನ ಬಿಟ್ಟು ಇನ್ನೊಂದು ಶನಿವಾರ ನನ್ನಿಂದ ಆಗಲ್ಲ ನೋರಿನ್. ನಿಮಗೆ ಒಪ್ಪಿಗೆಯಾ?"

"ಯೋಚನೆ ಮಾಡ್ತೀನಿ," ಎಂದೆ. ಯೋಚಿಸುವುದಕ್ಕೆ ಏನೂ ಉಳಿದಿರಲಿಲ್ಲ. ಸ್ವಲ್ಪ ಕಾಯಲಿ ಅಂತ ಆಸೆಯಾಯಿತು ಅಷ್ಟೆ. "ನ್ಯಾಯವಾಗಿ ನೋಡೋ ಮನುಷ್ಯ ನೀವು. ನಾನಿದ್ದೀನಿ ಅಂತ ನಿಮ್ಮ ಕಣ್ಣು ನಿಜವಾಗ್ಲೂ ಮಂಜಾಗ್ತಿತ್ತಾ?"

"ಗೊತ್ತಿಲ್ಲ. ಯಾವತ್ತೂ ಒಂದು ಕಡೆಯವನಾಗಿ ಕೂತು ಆಟ ನೋಡಿಲ್ಲ."

ಆಟ ಕೊನೆಯ ಘಟ್ಟಕ್ಕೆ ಬಂದಿತ್ತು. ನಮ್ಮವರು ನಾಲ್ಕು ಅಂಕ ಮುಂದಿದ್ದರು. ಇನ್ನೊಂದು ಟಚ್‌ಡೌನ್ ಆದರೆ ಗೆದ್ದ ಹಾಗೆಯೇ. ಚೆಂಡು ಹಿಡಿದ ಹುಡುಗ ಬ್ರಾಕ್‌ನ ಹಿಂದೆ ನುಗ್ಗಿ ಗೆರೆ ದಾಟಿದ. ನಾವೆಲ್ಲ ಮೇಲೆ ಹಾರಿದೆವು. ಅಷ್ಟರಲ್ಲಿ ಹುಲ್ಲಿನ ಮೇಲೆ ಹಳದಿ ಬಟ್ಟೆ ಬಿತ್ತು. ಡೊಳ್ಳು ಹೊಟ್ಟೆಯ ರೆಫರಿ ಬ್ರಾಕ್‌ನ ಕಡೆ ಬೊಟ್ಟು ಮಾಡಿದ.

ಊರು ಉಸಿರು ಎಳೆದುಕೊಳ್ಳುವಷ್ಟರಲ್ಲಿ ನನ್ನ ಪಕ್ಕದಿಂದ ಒಂದು ಗರ್ಜನೆ ಹೊರಟಿತು.

"ಏಯ್! ಕಣ್ಣಿಲ್ವೇನಯ್ಯಾ ನಿಂಗೆ? ಆ ಹುಡುಗ ಮುಟ್ಟೇ ಇಲ್ಲ!"

ರಾಯ್ಸ್ ಟಿಮನ್ಸ್ ಬೆಂಚಿನ ಮೇಲೆ ಹತ್ತಿ ನಿಂತಿದ್ದರು. ಬ್ರಿಸ್ಕೆಟ್ ಹಿಡಿದ ಕೈ ಗಾಳಿಯಲ್ಲಿ ಆಡುತ್ತಿತ್ತು. ಕೆಳಗಿದ್ದ ರೆಫರಿ ತಲೆಯೆತ್ತಿ ನೋಡಿ, ತನ್ನ ಜೊತೆಗಾರನ ಗುರುತು ಹಿಡಿದು, ಬಾಯಿ ತೆರೆದುಕೊಂಡು ನಿಂತ. ಸುತ್ತಲಿನ ತಲೆಗಳೆಲ್ಲ ಇತ್ತ ತಿರುಗಿದವು.

"ಹಾಗೆ ಹೇಳಪ್ಪ!" ಎಂದು ಡೆಲ್ಮಾ ಕಿರುಚಿ ಅವರ ಬೆನ್ನಿಗೊಂದು ಗುದ್ದಿದಳು. "ಇನ್ನೊಂದ್ಸಲ ಹೇಳು, ಜೋರಾಗಿ!"

ಅವರು ಮೆಲ್ಲಗೆ ಕೂತರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಮುಖ ಸಣ್ಣದಾಗಿತ್ತು. ನಾನು ಅವರ ಕಿವಿಯ ಹತ್ತಿರ ಬಾಗಿ ಕೇಳಿದೆ, "ಬ್ರಾಕ್ ಎಳೆದನಾ?"

"ಎರಡೂ ಕೈಯಿಂದ," ಎಂದರು. "ನೋಡಿದೆ. ಚೆನ್ನಾಗಿ ನೋಡಿದೆ."

ಅದಕ್ಕಿಂತ ದೊಡ್ಡ ಮಾತು ನನಗೆ ಬೇಕಿರಲಿಲ್ಲ. ಅಷ್ಟು ಜನರ ನಡುವೆ, ಬ್ರಿಸ್ಕೆಟ್‌ನ ಜಿಡ್ಡು ತುಟಿಯಲ್ಲೇ ಇರುವಾಗ, ನಾನು ಆ ಸುಳ್ಳುಗಾರನಿಗೆ ಮುತ್ತು ಕೊಟ್ಟೆ. ಅಕ್ಕ ಸ್ವಲ್ಪ ಸರಿದು ಕೂತು ನಮಗೆ ಜಾಗ ಮಾಡಿಕೊಟ್ಟಳು.