ಮಾಂತ್ರಿಕನಿಗೆ ಒಂದು ಗುಟುಕು ನೀರು

ಬಹಳ ಬಹಳ ಹಿಂದೆ, ಬೆಟ್ಟಗಳನ್ನೇ ಕೋಟೆ ಮಾಡಿಕೊಂಡಿದ್ದ ಒಂದು ರಾಜ್ಯವಿತ್ತು. ಅಲ್ಲಿಯ ಜನ ಹಾಡದೆ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ಬೀಸುವಾಗ ಹಾಡು, ಬಿತ್ತುವಾಗ ಹಾಡು, ಭಾನುವಾರ ದೇವಾಲಯದಲ್ಲಿ ಕರ್ತನಿಗೆ ಹಾಡು. ಆದರೆ ಬೂದಿಗುಡ್ಡದ ಮಾಂತ್ರಿಕ ಧೂಮಕನಿಗೆ ಹಾಡೆಂದರೆ ಆಗುತ್ತಿರಲಿಲ್ಲ. ಹಾಡಿದವರನ್ನೆಲ್ಲ ಅವನು ಬೆಳ್ಳಕ್ಕಿ ಮಾಡಿಬಿಡುತ್ತಿದ್ದ. ರಾಜ ಸೈನ್ಯ ಕಳಿಸಿದ. ಸೈನಿಕರೂ ಬೆಳ್ಳಕ್ಕಿಗಳಾಗಿ ಹಾರಿ ಬಂದರು. ನಾಡೆಲ್ಲ ಮೌನವಾಯಿತು.

ಅಲ್ಲಿ ಇನ್ನಾಸ ಎಂಬ ಯುವಕ ಚಾಪೆ ಹೆಣೆಯುತ್ತ, ಅಜ್ಜಿ ಜ್ಞಾನಮ್ಮ ಮತ್ತು ತಂಗಿ ತೆರೇಸಳನ್ನು ಸಾಕುತ್ತಿದ್ದ. ಒಳ್ಳೆಯ ದುಡಿಮೆಗಾರ, ಆದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಂದು ಬೆಳಿಗ್ಗೆ ತೆರೇಸ ಹಳ್ಳದಲ್ಲಿ ಜೊಂಡು ಕೊಯ್ಯುತ್ತ, ಮೈಮರೆತು ಒಂದು ಕೀರ್ತನೆ ಗುನುಗಿದಳು. ಅಣ್ಣ ನೋಡುತ್ತಿದ್ದಂತೆಯೇ ಬೆಳ್ಳಕ್ಕಿಯಾದಳು.

ಇನ್ನಾಸ ಕುಡುಗೋಲು ಮಸೆದ. "ಅವನನ್ನು ಕೊಂದೇ ಬರ್ತೀನಿ, ಅಜ್ಜಿ."

ಅಜ್ಜಿ ಅವನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದಳು. "ಕರ್ತನೇ, ನನ್ನ ಮಗುವಿನ ಕೈಗಿಂತ ಮೊದಲು ಅದರ ಮನಸ್ಸನ್ನು ಹಿಡ್ಕೋ," ಎಂದು ಬೇಡಿಕೊಂಡಳು.

ಬೆಳ್ಳಕ್ಕಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಇನ್ನಾಸ ಹೊರಟ.

ಕಾಡಿನಲ್ಲಿ ಒಂದು ಕರಡಿ ಬೇಟೆಗಾರರ ಉರುಲಿಗೆ ಸಿಕ್ಕಿ ನರಳುತ್ತಿತ್ತು. ಇನ್ನಾಸ ಹಗ್ಗ ಕೊಯ್ಯಲು ಕೈ ಚಾಚಿದರೆ ಅದು ನೋವಿನಲ್ಲಿ ಅವನ ತೋಳನ್ನೇ ಕಚ್ಚಿತು. ಸಿಟ್ಟು ನೆತ್ತಿಗೇರಿ ಕುಡುಗೋಲು ಎತ್ತಿದ. ಆಮೇಲೆ ಅದರ ಕಣ್ಣು ನೋಡಿದ. ಪ್ರಾಣಭಯದಿಂದ ಅದು ನಡುಗುತ್ತಿತ್ತು. "ಸುಮ್ನಿರು, ನಿನ್ನ ಬಿಡಿಸೋಕೇ ಬಂದಿದ್ದೀನಿ," ಎಂದು ಹಗ್ಗ ಕೊಯ್ದ.

ಕರಡಿ ಒಂದು ಸೋರೆಬುರುಡೆ ತಂದುಕೊಟ್ಟಿತು. "ಇದು ಕಣ್ಮರೆ ಊಟೆಯ ನೀರು, ಒಮ್ಮೆ ಚಿಮ್ಮಿ ಮಾಯವಾಗುವ ಬುಗ್ಗೆಯದು. ಕುಡಿದವರನ್ನು ಮಾಟ ಬಿಟ್ಟುಹೋಗುತ್ತದೆ. ಇರುವುದು ಒಂದೇ ಗುಟುಕು. ಊಟೆ ಮತ್ತೆ ಎಲ್ಲಿ ಉಕ್ಕುತ್ತದೋ ನನಗೂ ಗೊತ್ತಿಲ್ಲ."

ಇನ್ನಾಸ ಅಲ್ಲೇ ತಂಗಿಗೆ ಕುಡಿಸಹೋದ. ಮತ್ತೆ ಯೋಚಿಸಿದ: ಮಾಂತ್ರಿಕ ಬದುಕಿರುವ ತನಕ ಅವಳು ಪುನಃ ಹಾಡಿದರೆ ಪುನಃ ಹಕ್ಕಿಯೇ. ಮೊದಲು ಅವನನ್ನು ಮುಗಿಸಬೇಕು.

ಬೂದಿಗುಡ್ಡದ ಬಾಗಿಲಿಗೆ ಒಂದು ಹೆಬ್ಬಾವು ಸುತ್ತಿಕೊಂಡಿತ್ತು. "ಯಾಕೆ ಬಂದೆ?"

ಸೇವೆಗೆ ಬಂದೆ ಅಂದರೆ ದಾರಿ ಸಿಗುತ್ತಿತ್ತೇನೋ. ಇನ್ನಾಸನ ನಾಲಿಗೆ ಸುಳ್ಳಿಗೆ ತಿರುಗಲಿಲ್ಲ. "ನಿನ್ನ ಒಡೆಯನನ್ನು ಕೊಲ್ಲೋಕೆ."

"ಅವನು ಸತ್ತರೂ ಅವನು ಮಾಡಿದ ಮಾಟ ಸಾಯುವುದಿಲ್ಲ."

"ಆದರೂ ಕೊಲ್ಲಬೇಕು ಅಂತಲೇ ನನ್ನ ಮನಸ್ಸಲ್ಲಿರೋದು."

"ಇಲ್ಲಿಗೆ ಬಂದವರೆಲ್ಲ ನನಗೆ ಸುಳ್ಳು ಹೇಳಿದರು. ನೀನೊಬ್ಬ ಮನಸ್ಸನ್ನು ಬಿಚ್ಚಿಟ್ಟೆ," ಎಂದು ಹೆಬ್ಬಾವು ದಾರಿ ಬಿಟ್ಟಿತು.

ಒಳಗೆ ಧೂಮಕ ಬರಿನೆಲದ ಮೇಲೆ ಬಿದ್ದಿದ್ದ. ಜ್ವರದಿಂದ ಮೈ ಕೆಂಡವಾಗಿತ್ತು. ಗುಡ್ಡದ ಬಾವಿಗಳನ್ನೆಲ್ಲ ಅವನ ಮಾಟವೇ ಬೂದಿ ಮಾಡಿತ್ತು. ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ.

"ಯಾರಾದರೂ ಸರಿ," ಎಂದ ಅವನು, "ನೀರು."

ಕುಡುಗೋಲು ಇನ್ನಾಸನ ಕೈಯಲ್ಲೇ ಇತ್ತು. ಅದನ್ನು ಬೀಸಲೂ ಬೇಕಿರಲಿಲ್ಲ, ಬೆನ್ನು ತಿರುಗಿಸಿದರೆ ಸಾಕಿತ್ತು. ತಿರುಗಿಸಿ ಬಾಗಿಲ ತನಕ ನಡೆದ. ಹಿಂದಿನಿಂದ ಮತ್ತೆ ಆ ದನಿ ಕೇಳಿತು. ಮಗು ತಾಯಿಯನ್ನು ಕೇಳುವ ಹಾಗಿತ್ತು.

ಇನ್ನಾಸ ನಿಂತ. "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ" ಎಂದು ದಿನಾ ಅಜ್ಜಿಯ ಜೊತೆ ಹೇಳಿದ ಪ್ರಾರ್ಥನೆ ತುಟಿಗೆ ಬಂತು. ಮುಂದಿನ ಮಾತು ಹೊರಡಲಿಲ್ಲ. ಅವನು ಕೂತು ಅತ್ತ.

"ತೆರೇಸಾ," ಎಂದ ಕೊನೆಗೆ, "ನೀನು ಹಕ್ಕಿಯಾಗಾದರೂ ಬದುಕಿದ್ದೀಯ. ಇವನು ಈಗಲೇ ಸಾಯ್ತಾನೆ. ನಿನಗೆ ಊಟೆ ಹುಡುಕೋದಕ್ಕೆ ನನ್ನ ಆಯುಷ್ಯವಿದೆ ಕಣಮ್ಮ."

ಬೆಳ್ಳಕ್ಕಿ ಅವನ ಕೆನ್ನೆಗೆ ತಲೆ ಒರಗಿಸಿತು.

ಇನ್ನಾಸ ಮಾಂತ್ರಿಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಹನಿಯೂ ಚೆಲ್ಲದಂತೆ ಕುಡಿಸಿದ.

ಕುಡಿದವರನ್ನು ಮಾಟ ಬಿಟ್ಟುಹೋಗಬೇಕಲ್ಲ. ಧೂಮಕನ ಮಾಟವೆಲ್ಲ, ಅವನು ಬೇರೆಯವರ ಮೇಲೆ ಮಾಡಿದ್ದೂ ಸೇರಿ, ಅವನನ್ನು ಬಿಟ್ಟು ಹೊಗೆಯಾಗಿ ಹೊರಟುಹೋಯಿತು. ತೊಡೆಯ ಮೇಲೆ ಉಳಿದವನು ಬಡಕಲು ಮುದುಕ. ಇನ್ನಾಸನ ಹೆಗಲ ಭಾರ ಇಳಿಯಿತು. ತಿರುಗಿದರೆ ತೆರೇಸ ನಿಂತಿದ್ದಳು, ಕೂದಲಲ್ಲಿ ಇನ್ನೂ ಒಂದು ಬಿಳಿ ಗರಿ. ಕೆಳಗೆ ನಾಡಿನ ತುಂಬ ಬೆಳ್ಳಕ್ಕಿಗಳು ಇಳಿದಿಳಿದು ಮನುಷ್ಯರಾದವು.

ರಾಜ ಮುದುಕನ ತಲೆ ಕೇಳಿದ. ಇನ್ನಾಸ ಅಡ್ಡ ನಿಂತ. "ನಾನೂ ಕೊಲ್ಲೋಕೇ ಹೋಗಿದ್ದೆ, ಪ್ರಭು. ನನ್ನನ್ನು ತಡೆದವನು ದೇವರು. ಇವರನ್ನು ನಮ್ಮ ಮನೇಲಿ ಇಟ್ಕೋತೀನಿ." ರಾಜ ಆಗಲಿ ಎಂದ.

ಮನೆಯಲ್ಲಿ ಜ್ಞಾನಮ್ಮ ಎಲ್ಲರ ಸಾಲಿನಲ್ಲೇ ಅವನಿಗೂ ತಟ್ಟೆ ಇಟ್ಟು ಬಿಸಿ ಗಂಜಿ ಬಡಿಸಿದಳು. ಮುದುಕ ತಲೆ ಎತ್ತಲಿಲ್ಲ, ಕೈ ತಟ್ಟೆಗೆ ಹೋಗಲಿಲ್ಲ.

"ಆರಿಹೋಗುತ್ತೆ, ಉಣ್ಣಪ್ಪ," ಎಂದಳು ಅಜ್ಜಿ.

ಅವನು ಉಂಡ. ಅಂದಿನಿಂದ ಆ ನಾಡಿನಲ್ಲಿ ಹಾಡು ನಿಲ್ಲಲಿಲ್ಲ. ಅದರಲ್ಲಿ ತಾಳ ತಪ್ಪುವ ಒಂದು ಮುದಿ ದನಿಯೂ ಸೇರಿತ್ತು, ಯಾರೂ ಅದನ್ನು ಬೇಡವೆನ್ನಲಿಲ್ಲ.