ನಿಮಿಷಕ್ಕೊಮ್ಮೆ ‘ಇದ್ದೀನಿ’

ಹೆಗ್ಗಣ ಪೈಪಿನೊಳಗೆ ಉಳಿದದ್ದು ನನ್ನ ತಪ್ಪಿನಿಂದ. ಗ್ಯಾಸ್ ಲೈನಿನಲ್ಲಿ ತೆವಳುತ್ತಾ ಬಿರುಕು ಹುಡುಕುವ ನಮ್ಮ ರೋಬೋಗೆ ಆ ಹೆಸರಿಟ್ಟವನು ಫಿಟ್ಟರ್. ಅದರ ಜೊತೆ ವೈರ್‌ಲೆಸ್‌ನಲ್ಲಿ ಮಾತಾಡುವ ಕೆಲಸ ನನ್ನದು. ನೇರ ಪೈಪಿನಲ್ಲಿ ಸಿಗ್ನಲ್ ಸಲೀಸಾಗಿ ಹೋಗುತ್ತದೆ, ತಿರುವು ಬಂದರೆ ಸೊರಗುತ್ತದೆ. ನಕ್ಷೆಯಲ್ಲಿ ಎರಡು ತಿರುವಿದ್ದವು, ನೆಲದಡಿ ಮೂರಿದ್ದವು. ಅದರ ಪ್ರೋಗ್ರಾಂನಲ್ಲಿ, ಸಿಗ್ನಲ್ ಹೋದರೆ ಬಂದ ದಾರಿಯಲ್ಲೇ ವಾಪಸಾಗು ಎಂದು ಬರೆಯಬೇಕಿದ್ದ ಕಡೆ, ಕರೆಯುವ ತನಕ ನಿಂತಿರು ಎಂದು ನಾನು ಬರೆದಿದ್ದೆ. ಪಾಪ, ಅದು ಹೇಳಿದ ಮಾತು ಕೇಳಿ ನಿಂತುಬಿಟ್ಟಿತ್ತು.

ಈಗಿದ್ದದ್ದು ಒಂದೇ ದಾರಿ. ಮೂರನೇ ತಿರುವಿನ ಪಕ್ಕದ ಗುಂಡಿಗೆ ಇಳಿದು, ಪೈಪಿನ ಸಣ್ಣ ವಾಲ್ವ್ ಮೂಲಕ ಆಂಟೆನಾ ತೂರಿಸಬೇಕು. ವಾಲ್ವ್ ಹಳೆಯದು, ಗ್ಯಾಸ್ ಸೋರಬಹುದು.

“ನಾನು ಇಳೀತೀನಿ,” ಎಂದ ಫಿಟ್ಟರ್, ಅಂಗಡಿಗೆ ಹೋಗಿಬರುವವನ ಹಾಗೆ.

“ತಪ್ಪು ನಂದು. ನೀವ್ಯಾಕೆ ಇಳೀಬೇಕು?”

“ನಿಮಗೆ ಸ್ಪ್ಯಾನರ್ ಹಿಡಿಯೋಕೆ ಬರುತ್ತಾ, ಮೇಡಂ?” ಮಾಸ್ಕಿನ ಪಟ್ಟಿ ಬಿಗಿಯುತ್ತಾ ಓರೆಗಣ್ಣಲ್ಲಿ ನೋಡಿದ. ಎರಡು ವರ್ಷದಿಂದ ಆ ನೋಟಕ್ಕೆ ನಾನು ಲ್ಯಾಪ್‌ಟಾಪ್ ಅಡ್ಡ ಹಿಡಿಯುತ್ತಿದ್ದೆ. ಇವತ್ತು ಹಿಡಿಯಲಿಲ್ಲ.

“ನಮ್ಮಕ್ಕ ಕೇಳ್ತಿದ್ಲು, ಯಾರ ದನಿ ಕೇಳೋಕೆ ದಿನಾ ಇಷ್ಟು ಬೇಗ ಕೆಲಸಕ್ಕೆ ಓಡ್ತೀಯ ಅಂತ,” ಎಂದ ಅವನು.

“ಏನಂದ್ರಿ?”

“ಮೇಲೆ ಬಂದು ಹೇಳ್ತೀನಿ.”

ಗುಂಡಿಗಿಳಿದವನು ನಿಮಿಷಕ್ಕೊಮ್ಮೆ ವಾಕಿಟಾಕಿಯಲ್ಲಿ ‘ಇದ್ದೀನಿ’ ಎನ್ನಬೇಕು. ಎರಡು ಸಲ ತಪ್ಪಿದರೆ ಹಗ್ಗ ಹಿಡಿದ ಮೇಸ್ತ್ರಿ ಎಳೆಯಬೇಕು. ನಾನು ಮೂವತ್ತು ಹೆಜ್ಜೆ ದೂರದ ವ್ಯಾನಿನಲ್ಲಿ ಗಡಿಯಾರ ನೋಡುತ್ತಾ ಕೂರಬೇಕು.

“ಇದ್ದೀನಿ.”

“ಇದ್ದೀನಿ, ಮೇಡಂ. ಇಲ್ಲಿ ತಂಪಾಗಿದೆ.”

“ಇದ್ದೀನಿ. ನಟ್ಟು ಹಟ ಹಿಡಿದಿದೆ, ನಿಮ್ಮ ಥರ.”

ನಾಲ್ಕನೇ ನಿಮಿಷ ಏನೂ ಬರಲಿಲ್ಲ.

“ಇದ್ದೀರಾ?” ಎಂದೆ. ಬರೀ ಗೊರಗೊರ ಸದ್ದು. ಎರಡು ವರ್ಷ ಹೇಳದೆ ನುಂಗಿಕೊಂಡದ್ದೆಲ್ಲ ಒಟ್ಟಿಗೆ ನೆನಪಾಯಿತು. ಅವನಿಲ್ಲದಿದ್ದರೆ ಅದನ್ನು ಯಾರಿಗೆ ಹೇಳಲಿ? ಐದನೇ ನಿಮಿಷವೂ ಖಾಲಿ ಹೋಯಿತು.

“ಎಳೀರಿ ಮೇಸ್ತ್ರಿ, ಎಳೀರಿ!” ಎಂದು ಕೂಗಿ, ಕೂರಬೇಕಾದವಳು ಎದ್ದು ಓಡಿದೆ.

ಗುಂಡಿಯ ಅಂಚಿಗೆ ಮೊದಲು ಹೆಲ್ಮೆಟ್ ಬಂತು, ಆಮೇಲೆ ಅವನು. ದೂರ ಬಂದು ಮಾಸ್ಕ್ ತೆಗೆದ.

“ಯಾಕ್ ಎಳೆದ್ರಿ? ಆಂಟೆನಾ ಕೂರಿಸಿ ಆಗಿತ್ತು. ಪ್ರತಿ ನಿಮಿಷ ಹೇಳ್ತಾನೇ ಇದ್ನಲ್ಲ.”

ಪೈಪಿನ ಅಡಿಗೆ ಬಗ್ಗಿದ್ದನಂತೆ. ಆ ದಪ್ಪ ಉಕ್ಕು ಅವನ ದನಿಯನ್ನು ತಡೆದಿತ್ತು. ಸಿಗ್ನಲ್ ಬಗ್ಗೆಯೇ ಇಷ್ಟು ಓದಿದ ನನಗೆ ಅದು ಹೊಳೆಯಲೇ ಇಲ್ಲ.

“ನನ್ನ ದನಿ ಕೇಳಿಸ್ತಿತ್ತಾ?”

“ಇಲ್ಲ.”

“ಮತ್ತೆ ಮೇಲೆ ಬರೋದಲ್ವಾ?”

“ನೀವು ಕರೀತೀರ ಅಂತ ಕಾಯ್ತಿದ್ದೆ.”

ಅವನ ತೋಳು ಹಿಡಿದುಕೊಂಡೆ. ಮೇಸ್ತ್ರಿ ಹಗ್ಗ ಸುತ್ತುವ ನೆಪದಲ್ಲಿ ಆ ಕಡೆ ತಿರುಗಿದರು. ವ್ಯಾನಿನಲ್ಲಿ ಲ್ಯಾಪ್‌ಟಾಪ್ ಬೀಪ್ ಎನ್ನುತ್ತಿತ್ತು, ಹೆಗ್ಗಣ ಸಿಕ್ಕಿತ್ತು.

“ಇನ್ಮೇಲೆ ಕಾಯಬೇಡಿ. ನನ್ನ ದನಿ ಕೇಳಿಸ್ಲಿಲ್ಲ ಅಂದ್ರೆ ವಾಪಸ್ ಬಂದ್ಬಿಡಿ.”

“ಹೆಗ್ಗಣಕ್ಕೆ ಹೇಳ್ತಿದ್ದೀರೋ, ನನಗೋ?”

“ಅದಕ್ಕೆ ಆಮೇಲೆ ಬರೀತೀನಿ. ಇದು ನಿಮಗೆ. ನನ್ನ ಹತ್ರ ಬಂದ್ಬಿಡಿ. ನೀವಿಲ್ದೆ ನನ್ನ ಕೈಲಿ ಆಗಲ್ಲ.”

ಫಿಟ್ಟರ್ ಮೊದಲ ಸಲ ತಮಾಷೆ ಮಾಡಲಿಲ್ಲ. ಮಸಿ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ತನ್ನ ತೋಳು ಹಿಡಿದಿದ್ದ ನನ್ನ ಕೈ ಮೇಲಿಟ್ಟ.

“ಇದ್ದೀನಿ,” ಎಂದ.